ಜಾನ್ ಲೆನನ್: ಒಂದು ಸಹಿ, ಕೆಲವು ಗಿಟಾರ್‌ಗಳು

ಒಂದು ಹಳೆಯ ಗಿಟಾರ್‌ಗೆ ಎಷ್ಟು ಬೆಲೆ ಕಟ್ಟಬಹುದು? ಲೆಕ್ಕಶಾಸ್ತ್ರದಲ್ಲಿ ನಾವು ಕಲಿತಂತೆ ಇಂಥ ವಸ್ತು ವರ್ಷದಿಂದ ವರ್ಷಕ್ಕೆ ಸವಕಳಿಯಾಗುತ್ತಾ ಹೋಗಬೇಕು. 1962ರಲ್ಲಿ 161 ಪೌಂಡ್‌ಗೆ ಕೊಂಡ ಗಿಟಾರ್‌ಗೆ ಹತ್ತು ವರ್ಷ ಸಮನಾಗಿ ಸವಕಳಿ ಹಾಕಿದರೆ 1972ಕ್ಕೆ ಪುಸ್ತಕದಲ್ಲಿ ಉಳಿಯುವುದು ಸೊನ್ನೆ. ಆದರೆ ಅಂಥದ್ದೇ ಒಂದು ಗಿಟಾರ್ 2015ರಲ್ಲಿ ಅಮೆರಿಕದಲ್ಲಿ ಹರಾಜಾದಾಗ 24 ಲಕ್ಷ 10 ಸಾವಿರ ಡಾಲರ್ ಬಂತು. ಆಗಿನ ದರದಲ್ಲಿ ಸುಮಾರು 16 ಕೋಟಿ ರೂಪಾಯಿ. ಅದನ್ನು ಮೊದಲು ಕೊಂಡವರು ಬೀಟಲ್ಸ್ ತಂಡದ ಜಾನ್ ಲೆನನ್.

ಅವರ ಜೀವನವನ್ನು ಬರೆದವರು ಬಹಳ ಮಂದಿ. ಹೆಚ್ಚಿನವರು ಹಾಡುಗಳ ಬಗ್ಗೆ ಬರೆದಿದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ಅವರ ಕೈಯಿಂದ ದಾಟಿಹೋದ ಗಿಟಾರ್‌ಗಳನ್ನೂ ಅವರು ಹಾಕಿದ ಸಹಿಗಳನ್ನೂ ಹಿಡಿದುಕೊಂಡು ಅವರ ಕಥೆ ಹೇಳುತ್ತೇನೆ.

ಜಾನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ಬಂದರು ಪಟ್ಟಣ ಲಿವರ್‌ಪೂಲ್‌ನಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ತಂದೆ ಆಲ್‌ಫ್ರೆಡ್ ಹಡಗಿನಲ್ಲಿ ಕೆಲಸಕ್ಕಿದ್ದರು, ಮನೆಯಲ್ಲಿ ಇದ್ದದ್ದೇ ಕಡಿಮೆ. ತಾಯಿ ಜೂಲಿಯಾ. ಸಂಸಾರ ಸರಿಹೋಗಲಿಲ್ಲ. ಜೂಲಿಯಾ ಅವರ ಅಕ್ಕ ಮಿಮಿ ಮತ್ತು ಅವರ ಗಂಡ ಜಾರ್ಜ್ ಸ್ಮಿತ್ ಆ ಮಗುವನ್ನು ತಮ್ಮ ಮನೆಗೆ ತಂದು ಸಾಕಿದರು. ದೊಡ್ಡಮ್ಮ ಎಂದರೆ ನಮ್ಮ ಮನೆಯ ಮಾತಿನಲ್ಲಿ ಖಾಲಾ. ಖಾಲಾ ಮನೆಯಲ್ಲಿ ಬೆಳೆದ ಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ. ಅವರಿಗೆ ಊಟಕ್ಕೆ, ಪ್ರೀತಿಗೆ ಕಡಿಮೆ ಇರುವುದಿಲ್ಲ, ಆದರೂ ಅಮ್ಮ ಅದೇ ಊರಿನಲ್ಲಿದ್ದು ಬೇರೆ ಮನೆಯಲ್ಲಿದ್ದಾರೆ ಎಂಬ ಯೋಚನೆ ಇದ್ದೇ ಇರುತ್ತದೆ. ಜಾನ್ ಸ್ಥಿತಿಯೂ ಅದೇ.

ಮಿಮಿ ಶಿಸ್ತಿನ ಹೆಂಗಸು. ಜೂಲಿಯಾ ನಗುವವರು, ಹಾಡುವವರು, ಬ್ಯಾಂಜೊ ನುಡಿಸುವವರು. ಹುಡುಗ ದೊಡ್ಡವನಾದಂತೆ ತಾಯಿಯ ಮನೆಗೆ ಹೋಗಿಬರುವುದು ಹೆಚ್ಚಾಯಿತು. ತಂತಿಯ ಮೇಲೆ ಬೆರಳು ಇಡುವುದನ್ನು ಜೂಲಿಯಾ ಅವರೇ ಕಲಿಸಿದರು. ಅದಕ್ಕೇ ಜಾನ್ ಮೊದಮೊದಲು ಗಿಟಾರನ್ನು ಬ್ಯಾಂಜೊ ರೀತಿಯಲ್ಲಿ ಶ್ರುತಿ ಮಾಡಿ ನುಡಿಸುತ್ತಿದ್ದರು.

ಆ ಕಾಲದ ಗಿಟಾರ್ ಗ್ಯಾಲೊಟೋನ್ ಚಾಂಪಿಯನ್. ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಅಗ್ಗದ ಮಾಲು. ಅಂಚೆಯಲ್ಲಿ ಆರ್ಡರ್ ಮಾಡಿ ತರಿಸಿದ್ದು. ಒಳಗೆ ಅಂಟಿಸಿದ ಚೀಟಿಯಲ್ಲಿ ಇದು ಬಿರುಕು ಬಿಡುವುದಿಲ್ಲ ಎಂಬ ಗ್ಯಾರಂಟಿ ಇತ್ತು. ಗಿಟಾರ್ ನುಡಿಸುವುದು ಚಂದವೇ ಇರಬಹುದು, ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮಿಮಿ ಹೇಳುತ್ತಿದ್ದರಂತೆ. ನಮ್ಮ ಮನೆಗಳಲ್ಲಿ ಗಿಟಾರ್ ಹಿಡಿದ ಹುಡುಗನಿಗೆ ಹೇಳುವುದೂ ಬೇರೆ ಏನಲ್ಲ. ಮಿಮಿ ಹೇಳಿದ್ದರಲ್ಲಿ ಅಂದಿಗೆ ತಪ್ಪೇನೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹುಡುಗ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಫೇಲಾಗಿದ್ದ. ಮುಖ್ಯೋಪಾಧ್ಯಾಯರ ಶಿಫಾರಸಿನಿಂದ ಹೇಗೋ ಆರ್ಟ್ ಕಾಲೇಜಿಗೆ ಸೀಟು ಸಿಕ್ಕಿತು.

1957ರ ಜುಲೈ 6ರಂದು ವುಲ್ಟನ್ ಎಂಬಲ್ಲಿ ಚರ್ಚಿನ ಜಾತ್ರೆ. ಜಾನ್ ತಮ್ಮ ಶಾಲೆಯ ಗೆಳೆಯರನ್ನು ಸೇರಿಸಿ ಕಟ್ಟಿದ್ದ ಕ್ವಾರಿಮೆನ್ ತಂಡ ಅಲ್ಲಿ ಹಾಡಿತು. ಅಂದು ಅವರ ಕೈಯಲ್ಲಿದ್ದದ್ದು ಅದೇ ಗ್ಯಾಲೊಟೋನ್. ಕೇಳಲು ಬಂದವರಲ್ಲಿ ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿ ಇದ್ದರು. ಅಂದು ಅವರಿಬ್ಬರ ಪರಿಚಯವಾಯಿತು. ಮುಂದೆ ಸೇರಿದವರು ಜಾರ್ಜ್ ಹ್ಯಾರಿಸನ್, ಕೊನೆಗೆ ರಿಂಗೊ ಸ್ಟಾರ್.

ಮರುವರ್ಷ, 1958ರ ಜುಲೈ 15ರಂದು, ಮಿಮಿಯನ್ನು ನೋಡಿ ಹಿಂದಿರುಗುತ್ತಿದ್ದ ಜೂಲಿಯಾ ಆ ಮನೆಯ ಹತ್ತಿರವೇ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡರು. ಜಾನ್‌ಗೆ ಆಗ ಹದಿನೇಳು ವರ್ಷ. ನನ್ನ ವಯಸ್ಸು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಂತರದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. 1960ರಲ್ಲಿ ತಂಡ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಿ ರಾತ್ರಿಯೆಲ್ಲಾ ಹಾಡಿ ಪಳಗಿತು. ಅಲ್ಲಿ ಜಾನ್ ರಿಕನ್‌ಬ್ಯಾಕರ್ ಗಿಟಾರ್ ಕೊಂಡರು. 1962ರ ಸೆಪ್ಟೆಂಬರ್‌ನಲ್ಲಿ ಜಾನ್ ಮತ್ತು ಜಾರ್ಜ್ ಲಿವರ್‌ಪೂಲ್‌ನ ಅಂಗಡಿಯೊಂದರಿಂದ ಅಮೆರಿಕದ ಗಿಬ್ಸನ್ ಜೆ-160ಇ ಮಾದರಿಯ ಎರಡು ಗಿಟಾರ್ ತರಿಸಿಕೊಂಡರು. ಒಂದಕ್ಕೆ 161 ಪೌಂಡ್. ಅವಳಿ ಮಕ್ಕಳಂತೆ ಎರಡೂ ಒಂದೇ ರೀತಿ ಇದ್ದುದರಿಂದ ಯಾರದು ಯಾರ ಕೈಯಲ್ಲಿದೆ ಎಂಬುದೇ ಅದಲುಬದಲಾಯಿತು. 1963ರಲ್ಲಿ ಇಂಗ್ಲೆಂಡ್ ಅವರ ಹಿಂದೆ ಬಿತ್ತು. 1964ರ ಫೆಬ್ರುವರಿ 9ರಂದು ಅಮೆರಿಕದ ಟಿವಿಯಲ್ಲಿ ಅವರನ್ನು ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ.

ಇಲ್ಲಿಂದ ಸಹಿಯ ವಿಷಯ ಶುರು. ಇಷ್ಟು ಜನಕ್ಕೆ ನಾಲ್ವರ ಸಹಿ ಬೇಕು. ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಬೇಡಿಕೆ ಏರಿ ಪೂರೈಕೆ ನಿಂತಲ್ಲೇ ನಿಂತರೆ ಏನಾಗುತ್ತದೆ? ಬೆಲೆ ಏರುತ್ತದೆ, ಇಲ್ಲವೇ ನಕಲಿ ಮಾಲು ಬರುತ್ತದೆ. ಇಲ್ಲಿ ನಕಲಿ ಮಾಲು ತಂಡದ ಒಳಗಿನಿಂದಲೇ ಬಂತು. ತಂಡದ ಸಾಮಾನು ಸಾಗಿಸಿ ಪ್ರವಾಸ ನೋಡಿಕೊಳ್ಳುತ್ತಿದ್ದ ನೀಲ್ ಆಸ್ಪಿನಾಲ್ ಮತ್ತು ಮ್ಯಾಲ್ ಇವಾನ್ಸ್ ನಾಲ್ವರ ಹೆಸರನ್ನೂ ತಾವೇ ಬರೆದು ಅಭಿಮಾನಿಗಳಿಗೆ ಕೊಡುತ್ತಿದ್ದರು. ಕೆಲವೊಮ್ಮೆ ತಂಡದವರೇ ಒಬ್ಬರ ಹೆಸರನ್ನು ಇನ್ನೊಬ್ಬರು ಬರೆದರು. ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯರು ಖುಷಿಯಿಂದ ಮನೆಗೆ ಹೋಗಲಿ ಎಂಬುದಷ್ಟೇ. ಆದರೆ ಅರವತ್ತು ವರ್ಷಗಳ ನಂತರ ಅಜ್ಜಿಯ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು ಹರಾಜಿನವರ ಬಳಿ ಹೋದ ಮೊಮ್ಮಕ್ಕಳಿಗೆ ಅದು ಮ್ಯಾಲ್ ಇವಾನ್ಸ್ ಅವರ ಅಕ್ಷರ ಎಂದು ತಿಳಿಯುತ್ತದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಪುಸ್ತಕವನ್ನು ಅವರು ತಂಡದವರ ಬಾಗಿಲಿಗೇ ಕೊಟ್ಟಿದ್ದರು.

ಹೀಗಾಗಿ ಬೀಟಲ್ಸ್ ಸಹಿ ಪರೀಕ್ಷೆ ಮಾಡುವುದು ಒಂದು ಪ್ರತ್ಯೇಕ ವೃತ್ತಿಯೇ ಆಗಿದೆ. ಗಿಟಾರ್ ಮೇಲೆ ಸಹಿ ಇದ್ದರಂತೂ ಇನ್ನೂ ಅನುಮಾನ. ಅಂದಿನ ಅಭಿಮಾನಿಗಳು ಮುಂದೆ ಚಾಚುತ್ತಿದ್ದದ್ದು ಪುಸ್ತಕ, ಫೋಟೊ, ರೆಕಾರ್ಡಿನ ಕವರ್. ಹೊಸ ಗಿಟಾರ್ ತಂದು ಸಹಿ ಹಾಕಿಸಿ ಮಾರುವ ಅಥವಾ ದಾನಕ್ಕೆ ಹರಾಜು ಹಾಕುವ ಪದ್ಧತಿ ಬೆಳೆದದ್ದು ನಂತರ. ಪರೀಕ್ಷಕರು ಮೊದಲು ನೋಡುವುದು ಗಿಟಾರಿನ ಸೀರಿಯಲ್ ನಂಬರ್. ಅದರಿಂದ ತಯಾರಾದ ವರ್ಷ ಹೊರಡುತ್ತದೆ. 1985ರಲ್ಲಿ ತಯಾರಾದ ಗಿಟಾರ್ ಮೇಲೆ ಜಾನ್ ಸಹಿ ಇದ್ದರೆ ಮುಂದೆ ಏನೂ ನೋಡಬೇಕಾಗಿಲ್ಲ. ಆಮೇಲೆ ಶಾಯಿ. ಎಲ್ಲರ ಜೇಬಿನಲ್ಲಿರುವ ಶಾರ್ಪಿ ಮಾರ್ಕರ್ ಮಾರುಕಟ್ಟೆಗೆ ಬಂದದ್ದೇ 1964ರಲ್ಲಿ. ಆಮೇಲೆ ಅಕ್ಷರದ ಓಟ. ನಕಲು ಮಾಡುವವನು ನಿಧಾನವಾಗಿ ಚಿತ್ರ ಬಿಡಿಸುತ್ತಾನೆ, ನಿಜವಾದವರು ಗಡಿಬಿಡಿಯಲ್ಲಿ ಎಳೆದು ಮುಂದೆ ಹೋಗುತ್ತಾರೆ. ಅಮೆರಿಕದ ಎಫ್‌ಬಿಐ 1990ರ ದಶಕದಲ್ಲಿ ಆಪರೇಷನ್ ಬುಲ್‌ಪೆನ್ ಎಂಬ ಹೆಸರಿನಲ್ಲಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಅದು ಮುಖ್ಯವಾಗಿ ಆಟಗಾರರ ಸಹಿಗಳದ್ದು, ಆದರೂ ಈ ವ್ಯಾಪಾರ ಎಂಥದ್ದು ಎಂದು ಅದರಿಂದ ಗೊತ್ತಾಗುತ್ತದೆ.

ಇತ್ತ ಜಾನ್ ನಿಜವಾಗಿಯೂ ಹಾಕಿದ ಒಂದು ಸಹಿ ಅವರಿಗೇ ದುಬಾರಿಯಾಯಿತು. 1963ರಲ್ಲಿ ಜಾನ್ ಮತ್ತು ಪಾಲ್ ತಮ್ಮ ಹಾಡುಗಳ ಹಕ್ಕನ್ನು ನೋಡಿಕೊಳ್ಳುವ ನಾರ್ದರ್ನ್ ಸಾಂಗ್ಸ್ ಎಂಬ ಕಂಪನಿಯ ಕಾಗದಕ್ಕೆ ಸಹಿ ಮಾಡಿದರು. ಸರಿಯಾಗಿ ಓದದೆ ಮಾಡಿದ ಸಹಿ ಎಂದು ಪಾಲ್ ನಂತರ ಹೇಳಿಕೊಂಡಿದ್ದಾರೆ. ಅರ್ಧದಷ್ಟು ಪಾಲು ಪ್ರಕಾಶಕರ ಕಡೆಗೆ ಹೋಯಿತು. 1969ರಲ್ಲಿ ಪ್ರಕಾಶಕರು ತಮ್ಮ ಷೇರುಗಳನ್ನು ಎಟಿವಿ ಕಂಪನಿಗೆ ಮಾರಿದಾಗ ಹಾಡು ಬರೆದ ಇಬ್ಬರೂ ಹೋರಾಡಿದರೂ ಹಿಡಿತ ಸಿಗಲಿಲ್ಲ. 1985ರಲ್ಲಿ ಆ ಹಕ್ಕುಗಳನ್ನೆಲ್ಲ 4 ಕೋಟಿ 75 ಲಕ್ಷ ಡಾಲರ್‌ಗೆ ಕೊಂಡವರು ಮೈಕಲ್ ಜಾಕ್ಸನ್. ಅಭಿಮಾನಿಯ ಪುಸ್ತಕದಲ್ಲಿ ಹಾಕದೆ ತಪ್ಪಿಸಿಕೊಂಡ ಸಹಿಗಿಂತ ಲಾಯರ್ ಮುಂದೆ ಹಾಕಿದ ಸಹಿಯ ಲೆಕ್ಕ ಎಷ್ಟೋ ದೊಡ್ಡದು. ನಮ್ಮ ಬ್ಯಾಚಿನವರು ಯಾರಾದರೂ ಮುಂದೆ ಚಾರ್ಟರ್ಡ್ ಅಕೌಂಟೆಂಟ್ ಆದರೆ ಈ ಕಥೆಯನ್ನು ಕಕ್ಷಿದಾರರಿಗೆ ಹೇಳಬಹುದು.

1966ರ ಆಗಸ್ಟ್‌ನಲ್ಲಿ ತಂಡ ಸಂಚಾರಿ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಅದೇ ವರ್ಷ ಧರ್ಮದ ಬಗ್ಗೆ ಜಾನ್ ಆಡಿದ ಮಾತು ಕ್ರೈಸ್ತರನ್ನು ನೋಯಿಸಿತು, ಅಮೆರಿಕದ ಕೆಲವೆಡೆ ಅವರ ರೆಕಾರ್ಡುಗಳನ್ನು ಸುಟ್ಟರು, ಶಿಕಾಗೋದಲ್ಲಿ ಅವರು ಪತ್ರಕರ್ತರ ಮುಂದೆ ಕ್ಷಮೆ ಕೇಳಿದರು. ಹಾಗೆಯೇ ಮಾದಕ ವಸ್ತುಗಳ ಚಟವೂ ಅವರಿಗೆ ಇತ್ತು. ಜೀವನ ಬರೆಯುವಾಗ ಅದನ್ನು ಬಿಟ್ಟು ಬರೆಯಬಾರದು. ಅದನ್ನೇ ಮೆರೆಸಬೇಕಾಗಿಯೂ ಇಲ್ಲ.

1968ರ ಫೆಬ್ರುವರಿಯಲ್ಲಿ ಅವರು ನಮ್ಮ ದೇಶಕ್ಕೆ ಬಂದರು. ಹೃಷಿಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆ. ಮಾರ್ಟಿನ್ ಕಂಪನಿಯ ಗಿಟಾರ್ ಜೊತೆಗಿತ್ತು. ಅಲ್ಲಿಗೆ ಬಂದಿದ್ದ ಡೊನೊವಾನ್ ಎಂಬ ಗಾಯಕ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುವ ಕ್ರಮ ಕಲಿಸಿದರು. ಆ ಕ್ರಮದಲ್ಲಿ ಜಾನ್ ನುಡಿಸಿದ ಹಾಡುಗಳಲ್ಲಿ ಒಂದಕ್ಕೆ ಜೂಲಿಯಾ ಎಂದು ಹೆಸರು. ತಾಯಿ ತೀರಿಕೊಂಡು ಆಗ ಹತ್ತು ವರ್ಷ. ಮೊದಲು ಬೆರಳು ಹಿಡಿದು ಕಲಿಸಿದವರ ಹೆಸರಿನ ಹಾಡಿಗೆ ಹೊಸದಾಗಿ ಬೆರಳು ಆಡಿಸುವುದನ್ನು ಗಂಗೆಯ ದಡದಲ್ಲಿ ಕಲಿತರು.

ಅದೇ ವರ್ಷ ಅವರು ತಮ್ಮ ಎಪಿಫೋನ್ ಕ್ಯಾಸಿನೊ ಗಿಟಾರಿನ ಬಣ್ಣವನ್ನೆಲ್ಲ ಕೆರೆಸಿ ಬರೀ ಮರ ಕಾಣುವಂತೆ ಮಾಡಿದರು. ಬಣ್ಣ ಹೋದರೆ ಮರ ಉಸಿರಾಡುತ್ತದೆ, ನಾದ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ಹಳೆಯ ಗಿಟಾರ್ ಸಂಗ್ರಹಿಸುವವರನ್ನು ಕೇಳಿದರೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ ಎನ್ನುತ್ತಾರೆ. ಮೂಲ ಬಣ್ಣ ಹೋದ ಗಿಟಾರಿನ ಬೆಲೆ ಬಹಳ ಇಳಿಯುತ್ತದೆ. ಆದರೆ ಕೆರೆಸಿದವರು ಲೆನನ್ ಆದುದರಿಂದ ನಷ್ಟವೇ ಲಾಭವಾಯಿತು. 1969ರ ಜನವರಿ 30ರಂದು ಲಂಡನ್ನಿನ ತಾರಸಿಯ ಮೇಲೆ ಬೀಟಲ್ಸ್ ಕೊನೆಯ ಬಾರಿ ಜನರೆದುರು ಹಾಡಿದಾಗ ಆ ಬೋಳು ಗಿಟಾರೇ ಅವರ ಕೈಯಲ್ಲಿತ್ತು. ಈಗ ಅದೇ ಕಂಪನಿ ಬಣ್ಣವಿಲ್ಲದ ಅದೇ ರೂಪದ ಗಿಟಾರ್‌ಗಳನ್ನು ಲೆನನ್ ಹೆಸರಿನಲ್ಲಿ ಮಾಡಿ ಮಾರಿದೆ. ಮೂಲದ್ದು ಹರಾಜಿಗೆ ಬಂದಿಲ್ಲ.

1969ರ ಮಾರ್ಚ್‌ನಲ್ಲಿ ಜಪಾನಿನ ಕಲಾವಿದೆ ಯೋಕೊ ಒನೊ ಅವರೊಂದಿಗೆ ಮದುವೆ. ಮೊದಲ ಪತ್ನಿ ಸಿಂಥಿಯಾ ಮತ್ತು ಮಗ ಜೂಲಿಯನ್ ಅವರಿಂದ ದೂರವಾದದ್ದು ಅವರ ಜೀವನದ ಒಳ್ಳೆಯ ಅಧ್ಯಾಯವಲ್ಲ. ತಂದೆ ಇಲ್ಲದ ನೋವು ಗೊತ್ತಿದ್ದವರು ಅದನ್ನೇ ಮಗನಿಗೆ ಕೊಟ್ಟರು. ಅದೇ ವರ್ಷ ವಿಯೆಟ್ನಾಂ ಯುದ್ಧ ನಿಲ್ಲಲಿ ಎಂದು ಮಾಂಟ್ರಿಯಲ್‌ನ ಹೋಟೆಲಿನಲ್ಲಿ ಇಬ್ಬರೂ ಹಾಸಿಗೆಯಲ್ಲೇ ಕುಳಿತು ಪ್ರತಿಭಟನೆ ಮಾಡಿದರು. ಅಲ್ಲಿ ನುಡಿಸಿದ ಗಿಬ್ಸನ್ ಮೇಲೆ ತಮ್ಮದೂ ಯೋಕೊ ಅವರದೂ ಮುಖಗಳನ್ನು ನಾಲ್ಕು ಗೆರೆಗಳಲ್ಲಿ ಬಿಡಿಸಿದ್ದರು. ಮುಂದೆ ಸಹಿಯ ಪಕ್ಕದಲ್ಲೂ ಅದೇ ರೀತಿಯ ಮುಖಗಳನ್ನು ಎಷ್ಟೋ ಸಲ ಬಿಡಿಸಿದರು. ಅಂಥ ಸಹಿಗೆ ಬೆಲೆ ಹೆಚ್ಚು.

ಬೀಟಲ್ಸ್ ಒಂದು ಪಾಲುದಾರಿಕೆ ಸಂಸ್ಥೆಯೂ ಆಗಿತ್ತು. ನಾವು ದ್ವಿತೀಯ ಪಿಯುಸಿಯಲ್ಲಿ ಬಿಡಿಸುವ ವಿಸರ್ಜನೆಯ ಲೆಕ್ಕ ಇದೇ. 1970ರ ಡಿಸೆಂಬರ್ 31ರಂದು ಪಾಲ್ ಲಂಡನ್ನಿನ ಹೈಕೋರ್ಟಿಗೆ ಹೋಗಿ ಸಂಸ್ಥೆಯನ್ನು ವಿಸರ್ಜಿಸಿ ಎಂದು ಕೇಳಿದರು. ಉಳಿದ ಮೂವರು ಒಪ್ಪಿದ್ದ ಮ್ಯಾನೇಜರ್ ಅವರಿಗೆ ಬೇಡವಾಗಿತ್ತು. ನಮ್ಮ ಪುಸ್ತಕದಲ್ಲಿ ಇದು ಒಂದೂವರೆ ಪುಟದಲ್ಲಿ ಮುಗಿಯುತ್ತದೆ. ಅವರಿಗೆ ನಾಲ್ಕು ವರ್ಷ ಹಿಡಿಯಿತು. 1974ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲಿನಲ್ಲಿ ಅಂತಿಮ ಕಾಗದಗಳಿಗೆ ಸಹಿ ಹಾಕಲು ಸೇರಿದಾಗ ಜಾನ್ ಬರಲೇ ಇಲ್ಲ. ಅದೇ ಊರಿನಲ್ಲಿದ್ದರೂ ಬರಲಿಲ್ಲ. ಕೊನೆಗೆ ಡಿಸೆಂಬರ್ 29ರಂದು, ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ರಜೆಯಲ್ಲಿದ್ದಾಗ, ಅಲ್ಲಿನ ಹೋಟೆಲ್ ಕೋಣೆಯಲ್ಲಿ ಸಹಿ ಹಾಕಿದರು. ಹದಿನಾರನೇ ವಯಸ್ಸಿನಲ್ಲಿ ತಾವೇ ಕಟ್ಟಲು ಶುರುಮಾಡಿದ ತಂಡವನ್ನು ಮುಗಿಸಿದ ಸಹಿ ಅದು.

1975ರ ಅಕ್ಟೋಬರ್ 9ರಂದು, ಜಾನ್ ಅವರ ಹುಟ್ಟುಹಬ್ಬದ ದಿನವೇ, ಮಗ ಶಾನ್ ಹುಟ್ಟಿದರು. ಈ ಬಾರಿ ಜಾನ್ ಮನೆಯಲ್ಲೇ ಉಳಿದು ಐದು ವರ್ಷ ಮಗುವನ್ನು ನೋಡಿಕೊಂಡರು. ಅವರನ್ನು ದೇಶದಿಂದ ಹೊರಹಾಕಲು ಅಮೆರಿಕ ಸರ್ಕಾರ ವರ್ಷಗಟ್ಟಲೆ ನಡೆಸಿದ ಪ್ರಯತ್ನ ಸೋತು, 1976ರಲ್ಲಿ ಗ್ರೀನ್ ಕಾರ್ಡ್ ಸಿಕ್ಕಿತು. 1980ರ ನವೆಂಬರ್‌ನಲ್ಲಿ ಡಬಲ್ ಫ್ಯಾಂಟಸಿ ಎಂಬ ಹೊಸ ಆಲ್ಬಂ ಬಂತು.

ಡಿಸೆಂಬರ್ 8ರ ಸಂಜೆ ಐದರ ಸುಮಾರಿಗೆ ಅವರು ನ್ಯೂಯಾರ್ಕಿನ ಡಕೋಟಾ ಕಟ್ಟಡದ ಮನೆಯಿಂದ ಸ್ಟುಡಿಯೋಗೆ ಹೊರಟಾಗ ಬಾಗಿಲಲ್ಲಿ ಒಬ್ಬ ಯುವಕ ಆಲ್ಬಂ ಚಾಚಿದ. ಜಾನ್ ನಿಂತು, ಹೆಸರು ಬರೆದು, ಕೆಳಗೆ 1980 ಎಂದು ವರ್ಷವನ್ನೂ ಹಾಕಿಕೊಟ್ಟರು. ಆ ಕ್ಷಣದ ಫೋಟೊ ಇದೆ. ಅಂದು ರಾತ್ರಿ 10 ಗಂಟೆ 50 ನಿಮಿಷದ ಹೊತ್ತಿಗೆ ಅವರು ಹಿಂದಿರುಗಿದಾಗ ಅವನು ಅಲ್ಲೇ ಇದ್ದ. ಹಿಂದಿನಿಂದ ಗುಂಡು ಹಾರಿಸಿದ. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಜಾನ್‌ಗೆ ನಲವತ್ತು ವರ್ಷ, ಶಾನ್‌ಗೆ ಐದು. ಹೆಸರು ಮಾಡಬೇಕೆಂದೇ ಕೊಂದೆ ಎಂದು ಕೊಲೆಗಾರ ನಂತರ ಒಪ್ಪಿಕೊಂಡ. ಆದ್ದರಿಂದ ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆ ಆಲ್ಬಂ ಕಟ್ಟಡದ ಬಾಗಿಲ ಬಳಿಯ ಹೂಕುಂಡದಲ್ಲಿ ಒಬ್ಬರಿಗೆ ಸಿಕ್ಕಿತು. ಪೊಲೀಸರಿಗೆ ಒಪ್ಪಿಸಿದರು. ಸಾಕ್ಷ್ಯವಾಗಿ ಅದರ ಮೇಲೆ ಕೊಲೆಗಾರನ ಬೆರಳಚ್ಚು ಸಿಕ್ಕಿತು. ಕೇಸು ಮುಗಿದ ಮೇಲೆ ಸಿಕ್ಕಿದವರಿಗೇ ವಾಪಸ್ ಬಂತು. ನಂತರ ಲಕ್ಷಗಟ್ಟಲೆ ಡಾಲರ್‌ಗೆ ಒಬ್ಬರಿಂದ ಒಬ್ಬರಿಗೆ ಮಾರಾಟವಾಗಿದೆ. ಜಾನ್ ಸಹಿ ಮಾಡಿದ ಬೇರೆ ಆಲ್ಬಂಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಸಹಿ ಅದೇ ಕೈಯದು, ಅದೇ ಶಾಯಿ. ಹೆಚ್ಚುವರಿ ಹಣ ಯಾವುದಕ್ಕೆ ಎಂದು ಯೋಚಿಸಿದರೆ ನನಗೆ ಒಂದೇ ಉತ್ತರ ಹೊಳೆಯುತ್ತದೆ, ಅದು ಕೊಲೆಗೆ ಬಿದ್ದ ಬೆಲೆ. ಮಾರುಕಟ್ಟೆಗೆ ಇಂಥ ವ್ಯತ್ಯಾಸ ತಿಳಿಯುವುದಿಲ್ಲ, ಕೊಳ್ಳುವವರಿಗೆ ತಿಳಿಯಬೇಕು. ಕೋಟಿ ಕೊಟ್ಟರೂ ನಾನಾದರೆ ಅದನ್ನು ಮನೆಗೆ ತರುವುದಿಲ್ಲ. ತರುವವರು ಇದ್ದಾರೆ ಎಂಬುದೂ ನಿಜ.

ಈಗ ಗಿಟಾರ್‌ಗಳ ಲೆಕ್ಕಕ್ಕೆ ಬರೋಣ. ಬಿರುಕು ಬಿಡುವುದಿಲ್ಲ ಎಂಬ ಗ್ಯಾರಂಟಿಯ ಗ್ಯಾಲೊಟೋನ್ 1999ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಒಂದೂವರೆ ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. 161 ಪೌಂಡಿನ ಗಿಬ್ಸನ್ ಕಥೆ ಇನ್ನೂ ಚೆನ್ನಾಗಿದೆ. ಮೊದಲ ಎರಡು ಆಲ್ಬಂಗಳ ಕಾಲದಲ್ಲಿ ನುಡಿಸಿದ ಅದು 1963ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್‌ಮಸ್ ಕಾರ್ಯಕ್ರಮಗಳ ಸಮಯದಲ್ಲಿ ಕಾಣೆಯಾಯಿತು. ಹೇಗೆ ಸಮುದ್ರ ದಾಟಿತೋ, 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಒಬ್ಬರು ಅದನ್ನು ಸೆಕೆಂಡ್ ಹ್ಯಾಂಡ್ ಆಗಿ 175 ಡಾಲರ್‌ಗೆ ಕೊಂಡರು. ಸುಮಾರು ನಲವತ್ತೈದು ವರ್ಷ ಏನೂ ತಿಳಿಯದೆ ಮನೆಯಲ್ಲಿ ನುಡಿಸಿದರು. ಜಾರ್ಜ್ ಅವರ ಅವಳಿ ಗಿಟಾರ್ ಬಗ್ಗೆ ಒಂದು ಪತ್ರಿಕೆಯಲ್ಲಿ ಓದಿದ ಮೇಲೆ ಅನುಮಾನ ಬಂತು. ಬೀಟಲ್ಸ್ ವಾದ್ಯಗಳ ಬಗ್ಗೆ ಪುಸ್ತಕ ಬರೆದ ಆಂಡಿ ಬಬಿಯುಕ್ ಸೀರಿಯಲ್ ನಂಬರನ್ನೂ, ಹಳೆಯ ಫೋಟೊಗಳಲ್ಲಿ ಕಾಣುವ ಮರದ ಗೆರೆಗಳನ್ನೂ ಹೋಲಿಸಿ ಇದು ಅದೇ ಎಂದರು.

ನಮ್ಮ ಅಬ್ಬಾ ಹಳೆಯ ಬೈಕ್ ಕೊಳ್ಳುವಾಗ ಮೊದಲು ಛಾಸಿ ನಂಬರ್ ಮತ್ತು ಆರ್‌ಸಿ ನೋಡುತ್ತಾರೆ, ಬಣ್ಣ ಆಮೇಲೆ. ಸೈಟು ಕೊಳ್ಳುವವರು ಇ.ಸಿ. ತೆಗೆಸುತ್ತಾರೆ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಬೆಲೆ ಬೀಳುತ್ತದೆ. ಈ ಗಿಬ್ಸನ್‌ಗೆ ಐದಾರು ವರ್ಷದ ಸರಪಳಿಯೇ ಇರಲಿಲ್ಲ. ಆದರೆ ಮರದ ಗೆರೆಯನ್ನು ಯಾರೂ ನಕಲು ಮಾಡಲಾರರು, ಮನುಷ್ಯರ ಹೆಬ್ಬೆಟ್ಟಿನಂತೆ ಅದು ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಆರರಿಂದ ಎಂಟು ಲಕ್ಷ ಡಾಲರ್ ಬರಬಹುದೆಂದು ಹರಾಜಿನವರು ಅಂದಾಜಿಸಿದ್ದರು. ಬಂದದ್ದು ಅದರ ಮೂರರಷ್ಟು. ಅದರಲ್ಲಿ ಒಂದು ಭಾಗ ಜಾನ್ ಮತ್ತು ಯೋಕೊ ಸ್ಥಾಪಿಸಿದ್ದ ದತ್ತಿ ಸಂಸ್ಥೆಗೆ ಹೋಯಿತು. ಹೊಸ ಗಿಟಾರ್ ಮೇಲೆ ಹಾಕಿಸಿದ ಸಹಿಗೆ ಸಹಿಯ ಬೆಲೆ ಮತ್ತು ಗಿಟಾರಿನ ಬೆಲೆ ಸೇರಿಸಿದರೆ ಮುಗಿಯಿತು. ವರ್ಷಗಟ್ಟಲೆ ನುಡಿಸಿದ ಗಿಟಾರ್‌ಗೆ ಆ ಸೂತ್ರ ಹೊಂದುವುದಿಲ್ಲ.

ಕೊನೆಯದಾಗಿ ಹೊರಬಂದದ್ದು ಹನ್ನೆರಡು ತಂತಿಯ ಫ್ರಾಮಸ್ ಹೂಟನ್ಯಾನಿ. 1965ರ ಹೆಲ್ಪ್ ಆಲ್ಬಮ್ಮಿನಲ್ಲಿ ಜಾನ್ ನುಡಿಸಿದ್ದು. ಆ ವರ್ಷವೇ ಅದು ಗಾರ್ಡನ್ ವಾಲರ್ ಎಂಬ ಗಾಯಕರ ಕೈಸೇರಿ, ಅಲ್ಲಿಂದ ಅವರ ಮ್ಯಾನೇಜರ್ ಬಳಿಗೆ ಹೋಗಿ, ಇಂಗ್ಲೆಂಡಿನ ಹಳ್ಳಿಯ ಮನೆಯೊಂದರ ಅಟ್ಟದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಬಿದ್ದಿತ್ತು. ಮನೆ ಬದಲಾಯಿಸುವಾಗ ಸಿಕ್ಕಿತು. 2024ರ ಮೇ 29ರಂದು ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 29 ಲಕ್ಷ ಡಾಲರ್‌ಗೆ ಹೋಯಿತು, ನಮ್ಮ 23 ಕೋಟಿಗೂ ಹೆಚ್ಚು. ಅದರ ಹಳೆಯ ಪೆಟ್ಟಿಗೆಯನ್ನು ಮನೆಯವರು ಆಗಲೇ ಕಸಕ್ಕೆ ಹಾಕಿದ್ದರು. ಪರಿಶೀಲನೆಗೆ ಹೋದ ಹರಾಜಿನವರು ಕಸದಿಂದ ಅದನ್ನು ಎತ್ತಿಕೊಂಡರು. ಗಿಟಾರಿನ ಜೊತೆ ಆ ಪೆಟ್ಟಿಗೆಯೂ ಮಾರಾಟವಾಯಿತು.